ಕಾಕಿ ಕಾಯು ಕುರ್ಚಿ ಮತ್ತ್ ಬ್ಯಾಸ್ಗಿ ಪುಸ್ತಕ

ಏಪ್ರಿಲ್ 10ಕ್ಕೆ ಶಾಲಿ ರಜಿ ಸಿಕ್ಕದ್ದೇ ತಡ, ನಮ್ ಬಿಜೂರಿನ ಮನಿ ಅಂಗ್ಳದಗೆಲ್ಲ ಹಪ್ಳ ಶುರು. ಒಂದ್ ಬದಿ ಹಲ್ಸಿನ್ ಹಪ್ಳ, ಇನ್ನೊಂದ್ ಬದಿ ಸಂಡ್ಗಿ, ಅದ್ರ್ ಆಚಿಗೆ ಬಿಸ್ಲಿಗ್ ಹಾಕದ್ ಮೆಣ್ಸ್. ಇಷ್ಟಕ್ಕೂ ಕಾಕಿ ಕಾಯುಕೆ ಜಗ್ಲಿ ಮೇಲೊಂದ್ ಕುರ್ಚಿ. ಒಂದ್ ಕೈಯಗೆ ಕೋಲ್, ಇನ್ನೊಂದ್ ಕೈ ಖಾಲಿ. ವರ್ಷದ 12 ತಿಂಗ್ಳಗೆ ನಮ್ ಹೆಂಗ್ಸ್ರಿಗೆ ಕೂಕಂಡ್ ಮಾಡು ಕೆಲ್ಸ, ಅದ್ರಲ್ಲೂ ಒಂದ್ ಕೈ ಖಾಲಿ ಇಪ್ಪು ಕೆಲ್ಸ ಅಂದ್ರೆ ಇದೊಂದೇ ಕಾಣಿ. ಆ ಖಾಲಿ ಕೈಗೆ ಪುಸ್ತಕ ಬಂದದ್ದ್ ಹ್ಯಾಂಗೆ ಅಂಬುದೇ ಇವತ್ತಿನ ಕಥಿ.

ಮೊನ್ನೆ ನಾಕೈದ್ ಜನ ಹಪ್ಳ ಒತ್ತುಕೆ ಸೇರ್ದಲ್ಲಿ ಮಾತ್ ಬಂತ್, ಈ ರಜಿಗೆ ಎಂತ ಪುಸ್ತಕ ತಪ್ಪುದ್ ಅಂದೇಳಿ. ಒಬ್ರ್ ಮಗನಿಗೆ ಸಾಮಾನ್ಯ ಜ್ಞಾನದ್ದ್ ತಂದಾಯ್ತ್ ಅಂದ್ರ್. ಇನ್ನೊಬ್ರ್ ಮಗಳಿಗೆ ಇಂಗ್ಲಿಷ್ ವ್ಯಾಕರಣ. ಮತ್ತೊಬ್ರ್ ಮಾವನವರಿಗೆ ದಪ್ಪ ಅಕ್ಷರದ ಭಗವದ್ಗೀತೆ. "ಅದೆಲ್ಲ ಸೈ, ನಿಮ್ಗೆ ಎಂತ ತಂದ್ರಿ?" ಅಂತ ಕೇಂಡೆ. ಎಲ್ಲರೂ ಒಟ್ಟಿಗೆ ನೆಗಾಡಿದ್ರ್. "ನಮ್ಗೆಂತಕ್ಕ್ ಮರಾಯ್ತಿ, ಪುರ್ಸೊತ್ತಾದ್ರೂ ಎಲ್ಲಿತ್ತ್?"

ಆ ನೆಗಿ ನನ್ನ ಮನ್ಸಿಂದ ಹೋಯ್ಲಿಲ್ಲೆ. ಸೀರಿ ಆರ್ಸುಕೆ ನಮ್ಗೆ ಯಾರೂ ಹೇಳಿಕೊಡ್ಕ್ ಅಂತಿಲ್ಲೆ. ಅಂಗಡಿಯವನ ಹತ್ರ ನೂರು ತೆಗೆಸಿ ಒಂದ್ ತಕಂತೊ, ಯಾರ ಮೋರೆಯನ್ನೂ ಕಾಂತಿಲ್ಲೆ. ಪುಸ್ತಕ ಆರ್ಸುಕೆ ಮಾತ್ರ ಅಂಜ್ತೊ. ಖುಷಿಗೆ ಓದುದ್ ಅಂದ್ರೆ ಎಂತದೋ ಕದ್ದ್ ತಿಂದಂಗೆ. ಎಂತಕಂದ್ರೆ, ನಮ್ಮ ಖುಷಿಗೆ ನಾವೇ ಪುಸ್ತಕ ಆರ್ಸುದ್ ಅಂಬುದ್ ನಮ್ ಕೈಗೆ ಬಂದದ್ದೇ ತೀರಾ ಇತ್ತೀಚಿಗೆ. ಅದು ಬಂದ ದಾರಿ ತಿಳಿದ್ರೆ ಆರ್ಸುದೂ ಸಲೀಸಾತ್ತ್ ಅಂಬುದ್ ನನ್ನ ಅನುಭವ.

ನಮ್ಮ ಅಜ್ಜಿಯ ಅಜ್ಜಿಯರ ಕಾಲದಲ್ಲಿ ಬೇಸಿಗೆ ಓದುವ ಕಾಲವೇ ಆಗಿರಲಿಲ್ಲ. ಓದು ಅಂಬುದ್ ಮಳ್ಗಾಲದ್ದ್. ನಟ್ಟಿ ಮುಗಿದು, ಆಸಾಡಿ ಮಳೆ ಹಿಡಿದುಕೊಂಡು, ಹೊರಗೆ ಕೆಲಸವಿಲ್ಲದ ಸಂಜೆ ಚಾವಡಿಯಲ್ಲಿ ದೀಪ ಇಟ್ಟುಕೊಂಡು ಮನೆಯ ಗಂಡಸರೊಬ್ಬರು ರಾಮಾಯಣವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಹೆಂಗಸರು ಒಳಬಾಗಿಲ ಹಿಂದೆ ಕೂತು, ಕೈಯಲ್ಲಿ ಹೂವೋ ಬತ್ತಿಯೋ ಹಿಡಿದುಕೊಂಡು ಕೇಳುವುದು. ಬೇಸಿಗೆಯಲ್ಲಿ ಅದಕ್ಕೆಲ್ಲ ಪುರ್ಸೊತ್ತಿರಲಿಲ್ಲ. ಮಳೆ ಬರುವ ಮೊದಲು ಕಟ್ಟಿಗೆ ಒಟ್ಟಬೇಕು, ಮಾಡಿಗೆ ಹುಲ್ಲು ಹೊದೆಸಬೇಕು, ಅಕ್ಕಿ ಮುಡಿ ಕಟ್ಟಿ ಇಡಬೇಕು, ಮಿಡಿ ಉಪ್ಪಿಗೆ ಹಾಕಬೇಕು. ಬೇಸಿಗೆಯ ಕಥೆಗಳೆಲ್ಲ ರಾತ್ರಿಯ ಆಟದ್ದು. ಮಂದಾರ್ತಿ ಮೇಳ, ಮಾರಣಕಟ್ಟೆ ಮೇಳ ಊರಿಗೆ ಬಂದರೆ ಚಾಪೆ ಹಿಡಿದುಕೊಂಡು ಹೋಗಿ ಬೆಳಗಿನವರೆಗೆ ಕೂತು ಬರುವುದು. ಮೇ ಕೊನೆಗೆ ಮೇಳದವರು ಗೆಜ್ಜೆ ಬಿಚ್ಚಿದರೆ ಬೇಸಿಗೆಯ ಕಥೆಯೂ ಮುಗಿಯಿತು.

ಕೇಂಬುದ್ ಓದುದಕ್ಕಿಂತ ಕಡ್ಮಿ ಅಂತ ನಾನ್ ಹೇಳ್ತಿಲ್ಲೆ. ಅಕ್ಷರ ಬಾರದ ನಮ್ಮ ಹಿರಿಯರಿಗೆ ಸುಧನ್ವನ ಕಥೆ, ಚಂದ್ರಹಾಸನ ಕಥೆ ನಮಗಿಂತ ಚೆನ್ನಾಗಿ ಬರುತ್ತಿತ್ತು. ಆದ್ರೆ ಒಂದ್ ಮಾತ್ ಮಾತ್ರ ನಿಜ. ಕೇಳುವವರಿಗೆ ಆಯ್ಕೆ ಇರಲಿಲ್ಲ. ಚಾವಡಿಯಲ್ಲಿ ಕೂತವರು ಯಾವ ಸಂಧಿ ತೆಗೆದರೋ ಅದು. ಸೀತೆ ಕಾಡಿಗೆ ಹೋದ ಕಡೆ ಇನ್ನೊಂದು ಸಲ ಓದಿ ಅಂತ ಒಳಗಿನಿಂದ ಹೇಳುವ ಕ್ರಮ ಇರಲಿಲ್ಲ.

ಅಚ್ಚಾದ ಪುಸ್ತಕ ನಮ್ಮ ಕಡೆಗೆ ಬಂದದ್ದು ಮಂಗಳೂರಿನಿಂದ. ಬಾಸೆಲ್ ಮಿಷನ್‌ನವರು 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆದರು. ಅವರಲ್ಲಿದ್ದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ಕ್ಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ. 1848ರಿಂದ ಐದಾರು ವರ್ಷ ಅವರೇ ನಿಂತು ಜೈಮಿನಿ ಭಾರತ, ದಾಸರ ಪದ, ಗಾದೆಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸಿದರು. ತಾಳೆಗರಿಯಲ್ಲಿ ಇದ್ದದ್ದು ಕಾಗದಕ್ಕೆ ಬಂತು. ಚಾವಡಿಯ ನಾಗಂದಿಗೆ ಮೇಲೆ ಒಂದೆರಡು ಪುಸ್ತಕ ಕೂತವು. ಪುಸ್ತಕ ಮನೆಗೆ ಬಂತ್, ಆದ್ರೆ ನಮ್ ಕೈಗೆ ಬರ್ಲಿಲ್ಲೆ. ಅದಕ್ಕೆ ಕೈ ತೊಳೆದು, ಮಡಿಯಲ್ಲಿ, ಗಂಡಸರೇ ಮುಟ್ಟುವುದು.

ನಮ್ಮ ಜಿಲ್ಲೆಯ ಪುಸ್ತಕದಲ್ಲಿ "ನಂಗೆ ಇಂಥ ಕಥೆಯೇ ಬೇಕು" ಅಂತ ಬಾಯಿ ಬಿಟ್ಟು ಕೇಳುವ ಒಬ್ಬಳು ಹೆಂಗಸು ನನಗೆ ಮೊದಲು ಸಿಕ್ಕಿದ್ದು ಮುದ್ದಣನ 'ಶ್ರೀರಾಮಾಶ್ವಮೇಧ'ದಲ್ಲಿ. ಮುದ್ದಣ ಅಂದರೆ ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ಉಡುಪಿಯಲ್ಲಿ ಶಾಲೆಯ ವ್ಯಾಯಾಮದ ಮಾಸ್ತರು. 1870ರಲ್ಲಿ ಹುಟ್ಟಿ 1901ರಲ್ಲಿ, ಬರೀ 31 ವರ್ಷಕ್ಕೆ, ಕ್ಷಯದಿಂದ ತೀರಿಕೊಂಡವರು. ಬಡತನ, ಸಂಕೋಚ ಎರಡೂ ಇದ್ದ ಮನುಷ್ಯ. ತಾನು ಬರೆದದ್ದನ್ನು ಹಳೇ ಕವಿಯ ಗ್ರಂಥ ಅನ್ನುವಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ್ದರು. ಆ ಕಾವ್ಯದ ಶುರುವಿಗೆ ಹೊರಗೆ ಮಳೆಗಾಲ, ಒಳಗೆ ಮುದ್ದಣ ಮತ್ತು ಹೆಂಡತಿ ಮನೋರಮೆ. ಗಂಡ ಕಥೆ ಹೇಳ್ತೆ ಅಂತಾನೆ. ಅವಳು ಸುಮ್ನೆ ಹೂಂ ಅಂಬುದಿಲ್ಲೆ. ಆ ಕಥೆ ಬೇಡ, ಈ ಕಥೆ ಬೇಡ, ಪದ್ಯದಲ್ಲಿ ಬೇಡ, ಗದ್ಯದಲ್ಲೇ ಹೇಳು, ರಸ ಇರಬೇಕು ಅಂತ ಕೂರುತ್ತಾಳೆ. ಮಧ್ಯೆ ಮಧ್ಯೆ ತಡೆದು ಕೇಳುತ್ತಾಳೆ, ಗಂಡನನ್ನು ಕೆಣಕುತ್ತಾಳೆ. ಒಳಬಾಗಿಲ ಹಿಂದಿನಿಂದ ಎದ್ದು ಬಂದು ಎದುರಿಗೆ ಕೂತು ಆರಿಸಿಕೊಂಡವಳು ಇವಳು. ಕಥೆಯ ಹೆಂಗಸೇ ಇರ್ಲಿ, ಆದ್ರೂ ನಂಗ್ ಅವ್ಳ್ ಕಂಡ್ರೆ ಬಾಳ ಪ್ರೀತಿ.

ಅದೇ ಹೊತ್ತಿಗೆ, 1899ರಲ್ಲಿ, ಮಂಗಳೂರಿನ ಅದೇ ಬಾಸೆಲ್ ಮಿಷನ್ ಅಚ್ಚುಕೂಟದಿಂದ 'ಇಂದಿರಾಬಾಯಿ' ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಇದನ್ನೇ ಹೇಳುವುದು. ಬರೆದವರು ಗುಲ್ವಾಡಿ ವೆಂಕಟರಾಯರು, ಪೊಲೀಸ್ ಇಲಾಖೆಯಲ್ಲಿ ಇದ್ದವರು. ಹೆಸ್ರಗೇ ನಮ್ ಕುಂದಾಪ್ರ ಬದಿಯ ಗುಲ್ವಾಡಿ ಇತ್ತ್ ಕಾಣಿ. ಕಥೆ ರಾಜರಾಣಿಯದ್ದಲ್ಲ. ಸಣ್ಣ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡ ಇಂದಿರೆ ಮನೆ ಬಿಟ್ಟು ಹೊರಟು, ಒಳ್ಳೆಯವರ ಆಸರೆ ಹಿಡಿದು, ಓದಿ, ಮರುಮದುವೆಯಾಗುವ ಕಥೆ. 1899ರಲ್ಲಿ! ನಮ್ಮಲ್ಲಿ ಹಾಂಗಿದ್ದವ್ರ್ ತಲಿ ಬೋಳಿಸ್ಕಂಡ್, ಕೆಂಪ್ ಸೀರಿ ಉಟ್ಕಂಡ್, ಅಡಿಗಿ ಕೋಣಿಯಗೇ ಜೀವ ತೆಗಿತಿದ್ದ ಕಾಲ. ಆ ಪುಸ್ತಕವನ್ನು ಆಗ ಎಷ್ಟು ಹೆಂಗಸರ ಕೈಗೆ ಕೊಟ್ಟಿರಬಹುದು, ನೀವೇ ಅಂದಾಜು ಮಾಡಿ. ನಮ್ಮ ಬಗ್ಗೆ ಪುಸ್ತಕ ಬಂತ್, ನಮ್ಗೆ ಓದುಕೆ ಅಲ್ಲ.

ಹೆಂಗಸರು ಓದಲಿ ಅಂತಲೇ, ಒಬ್ಬ ಹೆಂಗಸು ಬರೆದು ತಾನೇ ಪ್ರಕಟಿಸಿದ್ದು ಇದಾದ ಮೇಲೆ, ದೂರದ ನಂಜನಗೂಡಿನಲ್ಲಿ. ತಿರುಮಲಾಂಬ ಅವರ ಹೆಸರು. 1887ರಲ್ಲಿ ಹುಟ್ಟಿ, 14ರ ಸುಮಾರಿಗೆ ಗಂಡನನ್ನು ಕಳೆದುಕೊಂಡರು. ಇಂದಿರಾಬಾಯಿಯ ಹಾಗೆ ಅವರು ಮನೆ ಬಿಡಲಿಲ್ಲ. ಅಪ್ಪ ಪುಸ್ತಕ ತಂದುಕೊಟ್ಟರು, ಅವರು ಓದಿದರು, ಅಕ್ಕಪಕ್ಕದ ಹೆಣ್ಣುಮಕ್ಕಳನ್ನು ಸೇರಿಸಿ ಓದಿಸಿದರು. 1913ರಲ್ಲಿ 'ಸತೀ ಹಿತೈಷಿಣೀ ಗ್ರಂಥಮಾಲೆ' ಶುರು ಮಾಡಿ 'ಸುಶೀಲೆ' ಎಂಬ ಕಾದಂಬರಿ ತಂದರು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ನಡೆಸಿದರು. ಹೊಸಗನ್ನಡದ ಮೊದಲ ಲೇಖಕಿ, ಮೊದಲ ಪ್ರಕಾಶಕಿ, ಮೊದಲ ಸಂಪಾದಕಿ, ಮೂರೂ ಅವರೇ. ಮುಂದೆ ಬರೆಯುವುದನ್ನು ನಿಲ್ಲಿಸಿದರು. ಜನ ಮರೆತೇ ಬಿಟ್ಟರು. ಅವರು ಬದುಕಿದ್ದರು, 1982ರವರೆಗೂ ಬದುಕಿದ್ದರು, ಆದರೆ ಅವರು ಇದ್ದಾರೆ ಅಂತಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ನಾವ್ ಓದುದ್ ಬಿಟ್ರೆ ಬರ್ದವ್ರ್ ಹ್ಯಾಂಗೆ ಕಾಣೆ ಆತ್ರ್ ಅಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬ್ಯಾಡ.

ಆ ಕಾಲದಲ್ಲಿ ಪುಸ್ತಕ ಸಿಗುವುದೂ ಕಷ್ಟವೇ. ಧಾರವಾಡದ ಬದಿಯ ಗಳಗನಾಥರು (1869–1942) ಕಾದಂಬರಿ ಬರೆದು, ಅಚ್ಚು ಹಾಕಿಸಿ, ತಾವೇ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರು. ಮೀನು ಬುಟ್ಟಿ ಹೊತ್ತು ಮನೆ ಮನೆಗೆ ಬಂದಂತೆ ಪುಸ್ತಕ ಹೊತ್ತು ಬಂದವರು ಅವರು. 1933ರಲ್ಲಿ ಧಾರವಾಡದಲ್ಲೇ ಶುರುವಾದ ಮನೋಹರ ಗ್ರಂಥಮಾಲೆ ವರ್ಷದ ಚಂದಾ ಕಟ್ಟಿದವರಿಗೆ ಟಪ್ಪಾಲಿನಲ್ಲಿ ಪುಸ್ತಕ ಕಳಿಸುವ ದಾರಿ ಮಾಡಿತು. ಆದರೂ ಬಿಜೂರಿನಂಥ ಊರಿನ ಅಡುಗೆಮನೆಯವರೆಗೆ ಕಥೆ ಬಂದು ಮುಟ್ಟಿದ್ದು ಪತ್ರಿಕೆಗಳಿಂದ. ಮಕ್ಕಳಿಗೆ ಅಂತ ತಂದ ಚಂದಮಾಮವನ್ನು (ಕನ್ನಡದಲ್ಲಿ ಅದು 1949ರಿಂದ ಬರುತ್ತಿತ್ತು) ಅಮ್ಮಂದಿರು ರಾತ್ರಿ ಓದಿದರು. 1956ಕ್ಕೆ ಹುಬ್ಬಳ್ಳಿಯಿಂದ 'ಕಸ್ತೂರಿ', 1965ಕ್ಕೆ 'ಸುಧಾ', 1968ಕ್ಕೆ 'ಮಯೂರ', ಆಮೇಲೆ ನಮ್ಮ ಮಣಿಪಾಲದಿಂದಲೇ 1973ಕ್ಕೆ 'ತುಷಾರ', 1983ಕ್ಕೆ 'ತರಂಗ'.

ಬೇಸಿಗೆ ಓದು ಹುಟ್ಟಿದ್ದು ಇಲ್ಲೇ ಅಂತ ನನಗೆ ಅನ್ನಿಸುವುದು. ಮೇ ತಿಂಗ್ಳಗೆ ಬೊಂಬಾಯಿ, ಬೆಂಗ್ಳೂರ್ ಹೋಟ್ಲ್ ಬದಿಯವ್ರೆಲ್ಲ ಊರಿಗ್ ಬಪ್ಪುದ್. ಅವರ ಟ್ರಂಕಿನಲ್ಲಿ ಮಕ್ಕಳಿಗೆ ಬಿಸ್ಕೆಟ್ಟು, ಅಡಿಯಲ್ಲಿ ಹಳೇ ವಾರಪತ್ರಿಕೆಗಳ ಕಟ್ಟು. ಕೊಂಕಣ ರೈಲು ಬಂದು ಬಿಜೂರಲ್ಲೇ ಇಳಿಯುವಂತಾದದ್ದು 1998ರ ಮೇಲಿನ ಮಾತು. ಅದಕ್ಕೂ ಮೊದಲು ಆ ಕಟ್ಟು ಬಸ್ಸಿನ ಮೇಲೆ, ಬಾಳೆಗೊನೆಯ ಪಕ್ಕ ಬಂದದ್ದು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಮಜ್ಜಿಗೆ ಹೆಪ್ಪಿನ ಹಾಗೆ ಅದು ತಿರುಗಿತು. ಧಾರಾವಾಹಿಯ ಪುಟ ಹರಿದು, ಸೂಜಿ ದಾರದಲ್ಲಿ ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡಿದರು. ಮಧ್ಯದ ಒಂದು ವಾರ ಸಿಕ್ಕಿರುವುದಿಲ್ಲ; ಆ ವಾರ ಏನಾಯಿತು ಅಂತ ನೆಂಟರ ಮನೆಯ ಮದುವೆಯಲ್ಲಿ ಕೇಳಿ ತಿಳಿದುಕೊಂಡರು. ಓದಿದ್ದೆಲ್ಲಿ? ಕಾಕಿ ಕಾಯು ಕುರ್ಚಿಯಗೆ.

ಆ ಹೊಲಿದ ಪುಸ್ತಕಗಳ ಕಾಲದ ಹೆಸರುಗಳು ತ್ರಿವೇಣಿ, ಎಂ.ಕೆ. ಇಂದಿರಾ. ತ್ರಿವೇಣಿಯವರು (1928–1963) 35 ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲೇ ಇಪ್ಪತ್ತರ ಮೇಲೆ ಕಾದಂಬರಿ ಬರೆದಿದ್ದರು. ಬಾಣಂತಿತನದಲ್ಲಿ ಮನಸ್ಸು ಕೆಟ್ಟ ಹೆಣ್ಣನ್ನು ಭೂತ, ಗಾಳಿ ಅಂತ ಮಂತ್ರವಾದಿಯ ಹತ್ರ ಕರೆದುಕೊಂಡು ಹೋಗುತ್ತಿದ್ದ ನಮಗೆ, ಅದು ಕಾಯಿಲೆ, ಗುಣವಾಗುವ ಕಾಯಿಲೆ ಅಂತ ಹೇಳಿದ್ದು 'ಶರಪಂಜರ'. ಗುಣವಾಗಿ ಬಂದವಳನ್ನು ಮನೆಯವರು ಮತ್ತೆ ಹುಚ್ಚಿ ಅಂತಲೇ ಕಾಂಬುದ್ ಇತ್ತಲೆ, ಆ ಭಾಗ ಓದುವತಿಗೆ ಈಗ್ಲೂ ನನ್ನ ಹೊಟ್ಟಿ ಚುರ್ ಅಂತ್ತ್. ಇಂದಿರಾ ಘಟ್ಟದ ಮೇಲಿನ ತೀರ್ಥಹಳ್ಳಿಯವರು, 1917ರಲ್ಲಿ ಹುಟ್ಟಿದವರು. ಶಾಲೆ ಬಿಟ್ಟದ್ದು ಬೇಗ, ಮದುವೆಯಾದದ್ದು ಬೇಗ, ಪೆನ್ನು ಹಿಡಿದದ್ದು ಮಾತ್ರ 45ರ ಹೊತ್ತಿಗೆ. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ. 1976ರ 'ಫಣಿಯಮ್ಮ' ತಮ್ಮದೇ ಮನೆತನದ ಹಿರಿಯ ವಿಧವೆಯೊಬ್ಬರ ಬದುಕು; ಅಮ್ಮ ಹೇಳಿದ್ದು ಕೇಳಿ ಬರೆದದ್ದು. ಬಾಗಿಲ ಹಿಂದೆ ಕೇಳಿಸಿಕೊಂಡವರ ಮಗಳು ಅದನ್ನೇ ಬರೆದು ಎಲ್ಲರ ಕೈಗೆ ಕೊಟ್ಟಳು ಅಂತ ನನಗೆ ಈ ಪುಸ್ತಕ ಕಂಡಾಗೆಲ್ಲ ಅನ್ನಿಸುತ್ತದೆ.

ಇನ್ನ್ ನಮ್ಮದೇ ಭಾಷಿಗ್ ಬಪ್ಪ. ವೈದೇಹಿ 1945ರಲ್ಲಿ ಕುಂದಾಪುರದಲ್ಲಿ ಹುಟ್ಟಿದವರು. ಆ ಹೆಸರು ಅವರಿಗೆ ಬಂದ ಕಥೆಯೇ ಒಂದು ಕಥೆ. 'ಸುಧಾ'ಕ್ಕೆ ಒಂದು ಕಥೆ ಕಳಿಸಿ, ಆಮೇಲೆ, ಅದರಲ್ಲಿ ನಿಜದ ಬದುಕು ಇತ್ತು ಅಂತ ಹೆದರಿ, ಹಾಕಬೇಡಿ ಅಂತ ಸಂಪಾದಕರಿಗೆ ಬರೆದರು. ಸಂಪಾದಕರು ಹೆಸರು ಬದಲಿಸಿ 'ವೈದೇಹಿ' ಅಂತ ಹಾಕಿ ಪ್ರಕಟಿಸಿಬಿಟ್ಟರು. ಮುದ್ದಣನೂ ಹೆಸರಿನ ಹಿಂದೆ ಅಡಗಿದ, ವೈದೇಹಿಯೂ ಅಡಗಿದರು. ನಮ್ ಬದಿಯವ್ರ್ ಸಂಕೋಚವೇ ಹಾಂಗೆ! 2009ರಲ್ಲಿ 'ಕ್ರೌಂಚ ಪಕ್ಷಿಗಳು' ಕಥಾಸಂಕಲನಕ್ಕೆ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ 'ಅಕ್ಕು', 'ಅಮ್ಮಚ್ಚಿಯೆಂಬ ನೆನಪು', ಊರಿಗೆ ಸಿನಿಮಾ ಬಂದಾಗ ಹೆಂಗಸರ ಲೋಕ ಹೇಗೆ ಅಲುಗಾಡಿತು ಅಂತ ಹೇಳುವ 'ಗುಲಾಬಿ ಟಾಕೀಸು' ಓದಿದರೆ ನಮ್ಮ ಹಿತ್ತಲ ಮಾತು ಕಿವಿಗೆ ಬೀಳುತ್ತದೆ. ಮನಿಯಗೆ ಮಾತಾಡು ಭಾಷಿಗೂ ಅಚ್ಚಾಪು ಯೋಗ್ಯತಿ ಇತ್ತ್ ಅಂತ ನಂಗ್ ಗೊತ್ತಾದದ್ದೇ ಅವ್ರ್ ಕಥಿ ಓದಿ.

ಒಂದು ಪುಸ್ತಕದ ಮಾತು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. 1940ರ ದಶಕದ ಶುರುವಿನಲ್ಲಿ ಬಂದದ್ದು. ಸಮುದ್ರ ಒಂದು ಬದಿ, ಹೊಳೆ ಒಂದು ಬದಿ ಇರುವ ಕೋಡಿಯಲ್ಲಿ ಮೂರು ತಲೆಮಾರಿನ ಕಥೆ. ರಾಮ ಐತಾಳರ ಮನೆ ಅಂತ ಹೇಳುವುದು ಹೌದು, ಆದರೆ ಆ ಮನೆಯನ್ನು ಹೊತ್ತವರು ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ, ಆಮೇಲೆ ಸೊಸೆ ನಾಗವೇಣಿ. ನಮ್ಮ ಅಮ್ಮಮ್ಮನಿಗೆ ಕಣ್ಣು ಮಂಜಾದ ಮೇಲೆ ಒಂದು ಬೇಸಿಗೆ ನಾನು ಕಾಕಿ ಕಾಯುತ್ತಾ ಈ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿದ್ದೆ. ಪಾರೋತಿ, ಸರಸೋತಿ ಮಳೆಗಾಲಕ್ಕೆ ಕಟ್ಟಿಗೆ ಒಟ್ಟುಮಾಡುವುದು, ಬಿಡುವಿಲ್ಲದೆ ದುಡಿಯುವುದು ಬಂದಾಗ ಅಮ್ಮಮ್ಮ, "ಇದನ್ನ್ ಬರ್ದವ್ರಿಗೆ ನಮ್ ಮನಿ ವಿಷ್ಯ ಯಾರ್ ಹೇಳಿದ್ರ್?" ಅಂತ ಕೇಂಡ್ರ್. ಮರುದಿನ ಹಪ್ಪಳ ಇಲ್ಲದಿದ್ದರೂ ಕುರ್ಚಿ ಹಾಕಿಸಿದರು. ನಾಗವೇಣಿಯ ಕಷ್ಟ ನಡೆಯುತ್ತಿರುವಾಗ ಮಳೆ ಬಂತು. ಶಾಲೆ ಶುರುವಾಯಿತು, ಗದ್ದೆ ಕೆಲಸ ಬಂತು. "ಆ ಹೆಣ್ಣಿನ ಮಗ ಎಂತ ಆದ?" ಅಂತ ಅಮ್ಮಮ್ಮ ಎರಡು ಮೂರು ಸಲ ಕೇಳಿದರು. "ಮುಂದಿನ್ ಬ್ಯಾಸ್ಗಿಗೆ ಓದ್ವ ಅಮ್ಮಮ್ಮ" ಅಂದೆ. ಮುಂದಿನ ಬೇಸಿಗೆಗೆ ಅವರ ಕಿವಿಯೂ ಹೋಗಿತ್ತು. ಮಗ ಊರಿಗೆ ತಿರುಗಿ ಬಂದ, ಮಣ್ಣಿಗೇ ಬಂದ ಅಂತ ಅವರಿಗೆ ಹೇಳಲು ಆಗಲೇ ಇಲ್ಲ. ಕಿವಿ ಹತ್ರ ಕೂಗಿ ಹೇಳಿದೆ, ಅವರು ನೆಗಾಡಿ ತಲೆ ಅಲ್ಲಾಡಿಸಿದರು. ಕೇಂತಾ ಇಲ್ಯಾ ಅಂತ ಗೊತ್ತಾಯ್ಲಿಲ್ಲೆ.

ಅದಕ್ಕೇ "ಪುರ್ಸೊತ್ತಿಲ್ಲೆ, ಮುಂದಿನ್ ವರ್ಷ" ಅಂಬ ಮಾತ್ ಕೇಂಡ್ರೆ ನಂಗಾತಿಲ್ಲೆ.

ಈಗ ಆರಿಸುವ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಹಳೇ ಕಥೆ ಹೇಳಿದ್ದು ಅದಕ್ಕೇ. ಅದರಿಂದ ನಾನು ನಾಕು ಲೆಕ್ಕ ಇಟ್ಟುಕೊಂಡಿದ್ದೇನೆ.

ಮೊದ್ಲನೇದ್, ಮನೋರಮೆಯ ಲೆಕ್ಕ. ಬೇಡದ್ದನ್ನು ಬೇಡ ಅನ್ನಿ. ಪುಸ್ತಕ ಕೈಗೆತ್ತಿಕೊಂಡು ನಡುವಿನ ಹತ್ತು ಪುಟ ಓದಿ. ಹಿಡಿಸಲಿಲ್ಲ ಅಂದರೆ ಇಟ್ಟುಬಿಡಿ, ಪಾಪ ಬರೂದಿಲ್ಲೆ. ದೊಡ್ಡವರ ಹೆಸರಿಗೆ ಹೆದರುವುದೂ ಬೇಡ. ಗೋಪಾಲಕೃಷ್ಣ ಅಡಿಗರು ನಮ್ಮ ಹತ್ರದ ಮೊಗೇರಿಯವರು, 1918ರಲ್ಲಿ ಅಲ್ಲೇ ಹುಟ್ಟಿದವರು, ಕನ್ನಡ ಕವಿತೆಯ ದಿಕ್ಕು ತಿರುಗಿಸಿದವರು. ಆದರೂ ಅವರ ಕವಿತೆ ಸೆಕೆಯಲ್ಲಿ ತಲೆಗೆ ಹತ್ತದಿದ್ದರೆ ನೆರೆಯವರು ಅಂತ ಒತ್ತಾಯ ಇಲ್ಲೆ. ಮಳ್ಗಾಲಕ್ಕೆ ಇಟ್ಕಣಿ.

ಎರಡ್ನೇದ್, ಕುರ್ಚಿಯ ಲೆಕ್ಕ. ಬೇಸಿಗೆಯ ಓದು ಅಂದರೆ ಹತ್ತು ಸಲ ಎದ್ದು ಹೋಗುವ ಓದು. ಕಾಕಿ ಬತ್ತ್, ನೆಂಟ್ರ್ ಬತ್ರ್, ಹಾಲ್ ಉಕ್ಕತ್ತ್. ಹಾಗಾಗಿ ಒಂದು ಕೂರಿಗೆ ಮುಗಿಯುವ ಕಥೆಗಳು ಲಾಯಕ್ಕು. ವೈದೇಹಿಯವರ ಕಥೆಗಳು ಹೇಳಿ ಆಯಿತು. ಕೊಡಗಿನ ಗೌರಮ್ಮ (1912–1939) ಬರೆದ ಸಣ್ಣ ಕಥೆಗಳೂ ಹಾಗೆಯೇ. 27ನೇ ವಯಸ್ಸಿಗೆ ನೀರುಪಾಲಾದ ಆಕೆಯ 'ಕಂಬನಿ' ಈಗ ಓದಿದರೂ ನಿನ್ನೆ ಬರೆದಂತಿದೆ. ನೆಗಾಡಬೇಕು ಅಂತಿದ್ದರೆ ಟಿ. ಸುನಂದಮ್ಮ (1917–2006). 1942ರಲ್ಲಿ ಶುರುವಾದ 'ಕೊರವಂಜಿ' ಹಾಸ್ಯ ಪತ್ರಿಕೆಯಲ್ಲಿ ಬರೆದು ಬೆಳೆದವರು. ಗಂಡ, ಅಡುಗೆ, ನೆಂಟರು, ಸಂತೆ ಇದರಲ್ಲೇ ಅಷ್ಟು ನೆಗಿ ಇದೆ ಅಂತ ತೋರಿಸಿಕೊಟ್ಟವರು.

ಮೂರನೇದ್, ಚಾವಡಿಯ ಲೆಕ್ಕ. ಗಟ್ಟಿಯಾಗಿ ಓದಿದರೆ ಚಂದವಾಗುವ ಪುಸ್ತಕ ಒಂದಾದರೂ ಇರಲಿ. ಹಪ್ಳ ಒತ್ತುವತಿಗೆ ನಾಕ್ ಜನ ಕೈ ಕೆಲ್ಸ ಮಾಡ್ಲಿ, ಒಬ್ರ್ ಓದ್ಲಿ, ನಾಳಿಗೆ ಓದುವವ್ರ್ ಬದ್ಲಾಯ್ಲಿ. ಹಿಂದೆ ಒಬ್ಬರೇ ಆರಿಸಿ ಓದುತ್ತಿದ್ದರು, ಈಗ ಸರದಿಯಲ್ಲಿ ಆರಿಸುವ. ಇದಕ್ಕೆ ನನ್ನ ಆಯ್ಕೆ ಕಾರಂತರ 'ಮೂಕಜ್ಜಿಯ ಕನಸುಗಳು'. 1968ರ ಪುಸ್ತಕ, 1977ರ ಜ್ಞಾನಪೀಠ ಅದಕ್ಕೆ ಬಂತು. ಪ್ರಶಸ್ತಿ ಅಂತ ಹೆದರಬೇಡಿ. ಅದರಲ್ಲಿ ಇರುವುದು ಒಬ್ಬಳು ಅಜ್ಜಿ, ಒಬ್ಬ ಮೊಮ್ಮಗ, ಮತ್ತು ಯಾರಿಗೂ ಅಂಜದೆ ಮಾತಾಡುವ ಅಜ್ಜಿಯ ಬಾಯಿ. ಮಕ್ಕಳೂ ಕೂತು ಕೇಳಬೇಕು ಅಂದರೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರದ್ದು. ಹಾರುವ ಓತಿಯನ್ನು ಹುಡುಕಿಕೊಂಡು ಘಟ್ಟದ ಕಾಡಿಗೆ ಹೋಗುವ ಕಥೆ. ನಮ್ಮ ತೋಟದಲ್ಲೂ ಹಾರುವ ಓತಿ ಇದ್ದೀತು ಅಂತ ಮಕ್ಕಳು ಮರ ನೋಡಲು ಶುರು ಮಾಡುತ್ತಾರೆ. ಮೊಬೈಲ್ ಕೆಳಗಿಡಿ ಅಂತ ಬೊಬ್ಬಿ ಹೊಡುಕಿಲ್ಲೆ.

ನಾಕನೇದ್, ತಿರುಮಲಾಂಬರ ಲೆಕ್ಕ. ಪಟ್ಟಿಯಲ್ಲಿ ಒಂದಾದರೂ ಹೆಂಗಸರು ಬರೆದದ್ದು, ಅದರಲ್ಲೂ ಈಗ ಯಾರೂ ಮಾತಾಡದ ಹಳೇದು ಇರಲಿ. ಅದು ಉಪಕಾರಕ್ಕಲ್ಲ. 'ಫಣಿಯಮ್ಮ' ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಹಳೇ ಫೋಟೋದ ಬದಿಗೆ ನಿಂತ, ಹೆಸರು ಯಾರಿಗೂ ನೆನಪಿಲ್ಲದ ಆ ದೊಡ್ಡಮ್ಮನನ್ನು ಒಂದು ಸಲ ಕಾಣಿ. ಆಮೇಲೆ ಮನೆಯ ಹಿರಿಯರ ಹತ್ತಿರ ಅವರ ವಿಷಯ ಕೇಳಿ. ಅವರೂ ಒಂದು ಪುಸ್ತಕವೇ, ಬರೆಯುವವರು ಸಿಗಲಿಲ್ಲ ಅಷ್ಟೆ.

ದುಡ್ಡಿನ ಚಿಂತೆ ಇದ್ದರೆ ಗ್ರಂಥಾಲಯ ಇತ್ತ್. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯದ ಕಾನೂನು ಬಂದದ್ದು 1965ರಲ್ಲಿ, 'ಸುಧಾ' ಬಂದ ವರ್ಷವೇ. ಈಗ ಪಂಚಾಯ್ತಿ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಅಂತ ಹೆಸರು. 2020ರ ಮಕ್ಕಳ ದಿನಾಚರಣೆಯಿಂದ 'ಓದುವ ಬೆಳಕು' ಅಂತ ಕಾರ್ಯಕ್ರಮವೂ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಕೊಡುತ್ತಿದ್ದಾರೆ. ಬೇಸಿಗೆ ಶಿಬಿರವನ್ನೂ ಮಾಡುತ್ತಾರೆ. ಮಕ್ಕಳನ್ನು ಬಿಡಲು ಹೋಗುತ್ತೇವಲ್ಲ, ಬಾಗಿಲಲ್ಲೇ ನಿಂತು ತಿರುಗಿ ಬರುವುದು ಯಾಕೆ? ಒಳಗ್ ಹೋಯಿ. ನಮ್ ಹೆಸ್ರಂಗೇ ಒಂದ್ ಕಾರ್ಡ್ ಮಾಡ್ಸಿ. ನಮ್ಮ ಹಿರಿಯರು ಒಳಬಾಗಿಲ ಹಿಂದೆ ಕೂತು ಆಯಿತು, ನಾವು ಹೊರಬಾಗಿಲಲ್ಲಿ ನಿಂತರೆ ಹೇಗೆ?

ನನ್ನದು ಈ ಸಲ ಒಂದೇ ಪುಸ್ತಕ. 'ಮರಳಿ ಮಣ್ಣಿಗೆ', ನಿಲ್ಲಿಸಿದ ಪುಟದಿಂದ. ಅಮ್ಮಮ್ಮ ಇಟ್ಟ ಗುರುತು, ಒಣಗಿದ ಹಲಸಿನೆಲೆ, ಇನ್ನೂ ಅಲ್ಲೇ ಇದೆ. ಬರು ಆಯ್ತಾರದಿಂದ ಮಧ್ಯಾಹ್ನ ಊಟ ಆದ ಮೇಲೆ ನಮ್ಮ ಜಗ್ಲಿಯಗೆ ಗಟ್ಟಿಯಾಗಿ ಓದ್ತೆ. ಹಪ್ಳ ನಿಮ್ಮದೂ ತಕಂಡ್ ಬನಿ, ಅಂಗ್ಳ ದೊಡ್ಡದಿತ್ತ್. ಕಾಕಿ ಕಾಯುಕೆ ಮಕ್ಳ್ ಇದ್ರ್.